ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ

ಹೈನುಗಾರ ಅಕ್ಕತಂಗಿಯರೇ,

ನಿಮ್ಮ ಹೆಸರು ಸಂಘದ ಕಂಪ್ಯೂಟರ್‌ನಲ್ಲಿ ಎಷ್ಟು ಕಡೆ ಇದೆ ಎಂದು ಎಣಿಸಿದ್ದೀರಾ? ಸದಸ್ಯರ ಯಾದಿ, ಬ್ಯಾಂಕಿಗೆ ಬರೆದ ಪತ್ರ, ರಾಸು ವಿಮೆಯ ಪಟ್ಟಿ, ಸಾಲದ ಶಿಫಾರಸು ಪತ್ರ. ಇವುಗಳಲ್ಲಿ ಹಲವು ಕಡೆ ಹೆಸರಿನ ಜೊತೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಂಕೇತವೂ ಇರುತ್ತದೆ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಹಣ ತಡವಾಗುತ್ತದೆ ಅಥವಾ ವಾಪಸ್ ಹೋಗುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗಕ್ಕೆ ಇದು ದೂರದ ಮಾತಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ‘ಎಸ್‌ಬಿಎಚ್‌ವೈ’ ಎಂದು ಶುರುವಾಗುತ್ತಿದ್ದ ಸಂಕೇತ ‘ಎಸ್‌ಬಿಐಎನ್’ ಆಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2021ರ ಜುಲೈ 1ರಿಂದ ಅದರ ಹಳೆಯ ಸಂಕೇತಗಳು ನಡೆಯದಾದವು. ಇಂಥ ಸಮಯದಲ್ಲಿ ಹತ್ತು ಕಡತ ತೆರೆದು ಹತ್ತು ಸಲ ತಿದ್ದುವ ಬದಲು ಒಂದೇ ಸಲ ತಿದ್ದುವ ದಾರಿ ಇದೆ. ಅದಕ್ಕೆ ‘ಲಿಂಕ್’ ಎನ್ನುತ್ತಾರೆ.

ವಾಡಿ ಜಂಕ್ಷನ್ ನೆನಪಿಸಿಕೊಳ್ಳಿ. ಅಲ್ಲಿಂದ ಒಂದು ಹಳಿ ಶಹಾಬಾದ್ ಕಡೆಗೆ, ಇನ್ನೊಂದು ಚಿತ್ತಾಪುರ, ಸೇಡಂ ಕಡೆಗೆ ಹೋಗುತ್ತದೆ. ಸದಸ್ಯರ ಯಾದಿಯೂ ಹಾಗೆಯೇ ಜಂಕ್ಷನ್ ಆಗಬೇಕು. ಅದೇ ಮೂಲ ಕಡತ. ಬೇರೆ ಪತ್ರಗಳಲ್ಲಿ ಯಾದಿಯನ್ನು ಮತ್ತೆ ಟೈಪ್ ಮಾಡದೆ ಮೂಲದಿಂದಲೇ ತರಿಸಿಕೊಳ್ಳಬೇಕು.

ಮಾಡುವುದು ಹೇಗೆ?

ವರ್ಡ್‌ನಲ್ಲಿ: ಮೊದಲು ಮೂಲ ಕಡತವನ್ನು ಸೇವ್ ಮಾಡಿ. ಬೇಕಾದ ಭಾಗವನ್ನು ಕಾಪಿ ಮಾಡಿ. ಪತ್ರದ ಕಡತ ತೆರೆದು, ಪೇಸ್ಟ್ ಗುಂಡಿಯ ಕೆಳಗಿನ ಬಾಣ ಒತ್ತಿ, ‘ಪೇಸ್ಟ್ ಸ್ಪೆಷಲ್’ಗೆ ಹೋಗಿ. ಅಲ್ಲಿ ‘ಪೇಸ್ಟ್ ಲಿಂಕ್’ ಗುರುತು ಹಾಕಿ, ‘ಫಾರ್ಮ್ಯಾಟೆಡ್ ಟೆಕ್ಸ್ಟ್’ ಆರಿಸಿ ಓಕೆ ಒತ್ತಿ. ಮೂಲ ತಿದ್ದಿದ ಮೇಲೆ ಪತ್ರದಲ್ಲಿ ಕಂಟ್ರೋಲ್ ಮತ್ತು ಎ ಒತ್ತಿ, ನಂತರ ಎಫ್9 ಒತ್ತಿದರೆ ಹೊಸ ವಿವರ ಬರುತ್ತದೆ.

ಲಿಬ್ರೆ ಆಫೀಸ್ ರೈಟರ್‌ನಲ್ಲಿ: ಇದು ಹಣ ಕೊಡದೆ ಸಿಗುವ ತಂತ್ರಾಂಶ. ‘ಇನ್ಸರ್ಟ್’ನಲ್ಲಿ ‘ಸೆಕ್ಷನ್’ ತೆರೆದು, ‘ಲಿಂಕ್’ ಗುರುತು ಹಾಕಿ ಮೂಲ ಕಡತ ಆರಿಸಿ. ನಂತರ ‘ಟೂಲ್ಸ್’, ‘ಅಪ್‌ಡೇಟ್’, ‘ಲಿಂಕ್ಸ್’ ಒತ್ತಿದರೆ ಸಾಕು.

ಎಚ್ಚರ ಎಲ್ಲಿ ಬೇಕು?

ಮೂಲ ಕಡತದ ಹೆಸರು ಬದಲಿಸಿದರೆ ಅಥವಾ ಬೇರೆ ಫೋಲ್ಡರ್‌ಗೆ ಹಾಕಿದರೆ ಕೊಂಡಿ ಕಡಿಯುತ್ತದೆ. ಪತ್ರವೊಂದನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ದರೂ ಅಷ್ಟೇ, ಅದು ಹಳೆಯ ವಿವರವನ್ನೇ ತೋರಿಸುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಓದಲು ಬರುವುದಿಲ್ಲ. ಆದ್ದರಿಂದ ಮೂಲ ಯಾದಿಯನ್ನು ಯೂನಿಕೋಡ್‌ನಲ್ಲಿ ಇಡಿ.

ಹಾಲಿನ ಬಟವಾಡೆಯ ತಂತ್ರಾಂಶ ಬೇರೆ, ಈ ಕಡತಗಳು ಬೇರೆ. ಇಲ್ಲಿ ತಿದ್ದಿದ್ದು ತಾನಾಗಿ ಅಲ್ಲಿಗೆ ಹೋಗದು. ಅಲ್ಲಿಯೂ ತಿದ್ದಿಸಬೇಕು.

ತಪ್ಪು ಕೂಡ ಕೊಂಡಿಯ ಮೇಲೆಯೇ ಸಾಗುತ್ತದೆ. ಮೂಲದಲ್ಲಿ ಒಂದು ಅಂಕಿ ತಪ್ಪಿದರೆ ಎಲ್ಲ ಪತ್ರಗಳಲ್ಲೂ ತಪ್ಪು. ಹಾಗಾಗಿ ಮೂಲ ತಿದ್ದುವ ಹೊಣೆ ಒಬ್ಬರದೇ ಇರಲಿ, ಪಾಸ್‌ಬುಕ್ ಎದುರಿಗಿಟ್ಟು ಇನ್ನೊಬ್ಬರು ಓದಿ ನೋಡಲಿ.

ಇನ್ನೊಂದು ಮುಖ್ಯ ಮಾತು. ಸಭೆಯ ನಡವಳಿ, ಅಂಗೀಕಾರವಾದ ಠರಾವು, ಸಹಿ ಬಿದ್ದ ಪತ್ರ ಇವು ಅಂದು ಇದ್ದಂತೆಯೇ ಉಳಿಯಬೇಕು. ಇವತ್ತು ಯಾದಿ ತಿದ್ದಿದ್ದಕ್ಕೆ ಹೋದ ವರ್ಷದ ಠರಾವು ಬದಲಾದರೆ ಅದು ದಾಖಲೆಯೇ ಅಲ್ಲ. ಅಂಥವುಗಳಲ್ಲಿ ‘ಬ್ರೇಕ್ ಲಿಂಕ್’ ಕೊಟ್ಟು ಕೊಂಡಿ ಕಳಚಿ, ಒಂದು ಮುದ್ರಿತ ಪ್ರತಿ ಫೈಲಿಗೆ ಸೇರಿಸಿ.

ಕಂಪ್ಯೂಟರ್ ಮುಟ್ಟದ ಸದಸ್ಯೆಯರಿಗೂ ಇಲ್ಲಿ ಕೆಲಸವಿದೆ. ಬ್ಯಾಂಕ್ ಖಾತೆ ಬದಲಾದ ದಿನವೇ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಸಂಘಕ್ಕೆ ಕೊಡಿ. “ಮೂಲ ಯಾದಿಯಲ್ಲಿ ತಿದ್ದಿದಿರಾ? ಬಟವಾಡೆ ತಂತ್ರಾಂಶದಲ್ಲೂ ತಿದ್ದಿದಿರಾ?” ಎಂದು ಕೇಳಿ. ಕಾರ್ಯದರ್ಶಿಯವರು ಪ್ರಿಂಟ್ ತೆಗೆದು ತೋರಿಸಲಿ. ಓದಲು ಬಾರದಿದ್ದರೆ ಮನೆಯ ಮಕ್ಕಳಿಂದ ಓದಿಸಿ. ಬೆಳಗ್ಗೆ ಸಂಜೆ ಹಾಲು ಹಾಕಿ ಗಳಿಸಿದ ಹಣ ಸರಿಯಾದ ಖಾತೆಗೆ ಬರುತ್ತಿದೆಯೇ ಎಂದು ನೋಡಿಕೊಳ್ಳುವುದು ನಿಮ್ಮ ಹಕ್ಕು.