ರತ್ನಗಂಬಳಿಯ ದೂಳು, ಮಗುವಿನ ಉಬ್ಬಸ

ಹಬ್ಬಕ್ಕೆಂದು ರತ್ನಗಂಬಳಿ ಉಜ್ಜಿ ಚೊಕ್ಕಟ ಮಾಡಿದ ರಾತ್ರಿಯೇ ಮಗುವಿಗೆ ಸೀನು, ಕೆಮ್ಮು, ಎದೆಯಲ್ಲಿ ಗೊರಗೊರ. ಅಸ್ತಮಾ ಇರುವ ಮನೆಗಳಲ್ಲಿ ಇದು ಹೊಸತೇನಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಗಂಬಳಿಯ ಬುಡ ಸೇರುತ್ತದೆ. ಅದನ್ನು ತಿಂದು ಬದುಕುವ ದೂಳುನುಸಿ ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದು. ಅರ್ಧ ಮಿಲಿಮೀಟರ್ ಉದ್ದವೂ ಇಲ್ಲ. ಅದು ಕಚ್ಚುವುದಿಲ್ಲ. ಆದರೆ ಅದರ ಹಿಕ್ಕೆ ದೂಳಿನೊಡನೆ ಮೇಲೆದ್ದು ಉಸಿರಿನಲ್ಲಿ ಒಳಹೋದರೆ ಅಲರ್ಜಿ ಕೆರಳುತ್ತದೆ.

ವ್ಯಾಕ್ಯೂಮ್ ಕ್ಲೀನರ್ ಕೊಂಡವರಲ್ಲಿ ಹಲವರು ಅದರೊಂದಿಗೆ ಬಂದ ಮೂತಿಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟಿರುತ್ತಾರೆ. ಎಲ್ಲ ಗಂಬಳಿಗೂ ಒಂದೇ ಮೂತಿ ಹೊಂದುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಕಾರ್ಪೆಟ್‌ನ ಎಳೆಗಳು ತುದಿ ಕತ್ತರಿಸಿ ನಿಂತಂತಿದ್ದರೆ ತಿರುಗುವ ಬ್ರಷ್ಷಿನ ಮೂತಿ ಸರಿ. ಅದು ಎಳೆ ಬಿಡಿಸಿ ಬುಡದ ದೂಳನ್ನು ಎತ್ತುತ್ತದೆ. ಎಳೆ ಕುಣಿಕೆಯಂತೆ ಹೆಣೆದಿದ್ದರೆ ಆ ಬ್ರಷ್ ಬೇಡ. ಒಂದು ಕುಣಿಕೆ ಸಿಕ್ಕಿಕೊಂಡರೆ ಸಾಲೇ ಕಿತ್ತುಬಂದೀತು.

ಕಾಶ್ಮೀರ, ಭದೋಹಿಗಳ ಕೈಗಂಟಿನ ಉಣ್ಣೆ ಗಂಬಳಿಗೆ ಬ್ರಷ್ ಇಲ್ಲದ ಅಗಲ ಮೂತಿ ಬೇಕು. ಎಳೆ ಮಲಗಿರುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಬೇಕು. ಅಂಚಿನ ಕುಚ್ಚನ್ನು ಮೂತಿ ನುಂಗದಂತೆ ನೋಡಿಕೊಳ್ಳಿ. ಹೊಸ ಉಣ್ಣೆ ಕೆಲವು ತಿಂಗಳು ನವಿರು ಉದುರಿಸುವುದು ಸಹಜ, ಗಾಬರಿ ಬೇಡ. ರೇಷ್ಮೆಗೆ ಸೋಫಾ ಶುಚಿಮಾಡುವ ಸಣ್ಣ ಮೂತಿ ಸಾಕು, ಹೀರುವ ಬಲವನ್ನೂ ತಗ್ಗಿಸಿ. ಸೆಣಬು, ತೆಂಗಿನ ನಾರಿನ ಹಾಸಿನ ಸಂದಿಯಿಂದ ಮಣ್ಣು ಕೆಳಗಿಳಿದಿರುತ್ತದೆ. ಹಾಸನ್ನು ಮಗುಚಿ ನೆಲವನ್ನೂ ಶುಚಿಮಾಡಿ. ನವಲಗುಂದದ ಹತ್ತಿ ಜಮಖಾನೆಗೆ ಯಂತ್ರವೇ ಬೇಕಿಲ್ಲ. ಅಂಗಳಕ್ಕೆ ಒಯ್ದು ಕೊಡವಿ ಬಿಸಿಲಿಗೆ ಹಾಕಿದರಾಯಿತು. ಕೊಡವುವವರು ಮಾತ್ರ ಉಬ್ಬಸದ ರೋಗಿ ಆಗಿರಬಾರದು.

ನೀರು ಚಿಮ್ಮಿಸಿ ಮರಳಿ ಹೀರುವ ಮೂತಿಯ ಬಗ್ಗೆ ಹೆಚ್ಚು ಎಚ್ಚರ ಬೇಕು. ನೈಲಾನ್ ತಡೆದೀತು. ಸೆಣಬು ಕಂದು ಕಲೆ ಕಟ್ಟುತ್ತದೆ, ಉಣ್ಣೆ ಬೇಗ ಒಣಗುವುದಿಲ್ಲ. ಒಂದು ದಿನದೊಳಗೆ ಬುಡದವರೆಗೆ ಒಣಗದಿದ್ದರೆ ಬೂಸಲು ಹಿಡಿಯುತ್ತದೆ. ನುಸಿಗೂ ತೇವವೇ ಇಷ್ಟ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಯಂತ್ರದ ಹಿಂಬದಿಯ ಗಾಳಿಯಲ್ಲಿ ನಯವಾದ ದೂಳು ಮತ್ತೆ ಕೋಣೆಗೇ ಬರಬಹುದು. 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ತಡೆಯುವ ‘ಹೆಪಾ’ ಸೋಸುಕವಿದ್ದರೆ ಒಳ್ಳೆಯದು. ಹಾಗಿದ್ದರೂ ಯಾವ ಮೂತಿಯೂ ನುಸಿಯನ್ನು ಪೂರ್ತಿ ತೆಗೆಯದು. ಅದು ಎಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಉಬ್ಬಸದ ಮಗು ಮಲಗುವ ಕೋಣೆಯಲ್ಲಿ ಗಂಬಳಿ ಹಾಸದೆ, ಬರಿ ನೆಲವನ್ನು ದಿನವೂ ಒದ್ದೆ ಬಟ್ಟೆಯಿಂದ ಒರೆಸಿ. ಬೇರೆ ಕೋಣೆಯ ಗಂಬಳಿ ಶುಚಿಮಾಡುವಾಗಲೂ ಮಗುವನ್ನು ಹೊರಗೆ ಆಡಲು ಬಿಟ್ಟು, ಕಿಟಕಿ ತೆರೆದು, ದೂಳು ಅಡಗಿದ ಮೇಲೆ ಒಳಗೆ ಕರೆಯಿರಿ.