ತಟ್ಟೆ ಇಡ್ಲಿಯೋ, ಮದ್ದೂರು ವಡೆಯೋ?

ಮಕ್ಕಳೇ, ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಎರಡು ಊರುಗಳಿಗೆ ತಿಂಡಿಯದೇ ಪೈಪೋಟಿ. ಬಿಡದಿಯದು ತಟ್ಟೆ ಇಡ್ಲಿ, ಮದ್ದೂರಿನದು ವಡೆ. ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದು ನಿವೃತ್ತನಾದ ನಾನು ಎರಡನ್ನೂ ತೂಗಿ ನೋಡಿದ್ದೇನೆ.

ತಟ್ಟೆ ಇಡ್ಲಿ ಬೇಯುವುದು ಅಗಲವಾದ ತಟ್ಟೆಯಲ್ಲಿ. ಹಬೆಯಾಡುತ್ತಿರುವಾಗಲೇ ಬೆಣ್ಣೆ ಹಾಕಿಕೊಂಡು ಚಟ್ನಿಯೊಡನೆ ತಿನ್ನಬೇಕು. ಆರಿದರೆ ರುಚಿ ಅರ್ಧ. ವಡೆ ಹಾಗಲ್ಲ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ ಸೇರಿಸಿ ಕಲಸಿ, ತಟ್ಟಿ, ಎಣ್ಣೆಯಲ್ಲಿ ಕರಿದದ್ದು. ರೈಲು ನಿಲ್ದಾಣದಲ್ಲಿ ಹೆಸರಾದ ತಿಂಡಿ. ಕಾಗದದಲ್ಲಿ ಕಟ್ಟಿಸಿಕೊಂಡು ಮೈಸೂರು ತಲುಪಿದರೂ ಕೆಡುವುದಿಲ್ಲ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಎರಡೂ ಊರುಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು. ಹಳೇ ರಸ್ತೆಯ ಹೋಟೆಲುಗಳಿಗೆ ಗಿರಾಕಿಗಳು ಕಡಿಮೆಯಾದರು. ವಡೆಯಾದರೆ ಪೊಟ್ಟಣದಲ್ಲಿ ಕೂತು ಗಿರಾಕಿ ಇದ್ದಲ್ಲಿಗೇ ಹೋದೀತು. ಇಡ್ಲಿಗೆ ಆ ಅನುಕೂಲವಿಲ್ಲ. ನಾವೇ ಅದರ ಬಳಿಗೆ ಹೋಗಬೇಕು.

ರುಚಿಯಲ್ಲಿ ಎರಡಕ್ಕೂ ನನ್ನ ಅಂಕ ಸಮಸಮ. ಆದರೆ ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳೊಂದಿಗೆ ಮೈಸೂರಿಗೆ ಹೊರಟಾಗ ಒಮ್ಮೆ ಬಿಡದಿಯ ಹಳೇ ರಸ್ತೆಗೆ ಇಳಿಯಿರಿ. ಅರ್ಧ ಗಂಟೆ ಖರ್ಚಿಗೆ ಬರೆದುಕೊಳ್ಳಿ. ಒಂದು ಹೋಟೆಲಿನ ಒಲೆ ಆರದೆ ಉಳಿದರೆ ಅದನ್ನು ಜಮಾ ಕಡೆಗೆ ಬರೆಯೋಣ.