ಹೊಟ್ಟೆ ತುಂಬ ಮೊಟ್ಟೆಯಿದ್ದೂ ಮರಿಯಿಲ್ಲದ ಮೀನು

ಆಡಿ ಹದಿನೆಂಟರಂದು ಭವಾನಿ ಹೊಳೆಯ ಹೊಸ ನೀರನ್ನು ನೋಡಲು ಹೋಗದ ಮನೆ ನಮ್ಮ ಕಾರಮಡೈ ಸೀಮೆಯಲ್ಲಿ ವಿರಳ. ಮೇಲೆ ಬೆಟ್ಟದಲ್ಲಿ ಮುಂಗಾರು ಹಿಡಿದರೆ ಹೊಳೆ ಕೆಂಪಾಗಿ ಇಳಿದು ಬರುತ್ತದೆ. ನಮಗೆ ಅದು ಹಬ್ಬ. ಹೊಳೆಯ ಗೆಂಡೆ ಮೀನುಗಳಿಗೆ ಅದೇ ಲಗ್ನಪತ್ರಿಕೆ.

ಸಂತೆಯಲ್ಲಿ ಮಾರುವ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಎಲ್ಲರೂ ನೋಡಿದ್ದೀರಿ. ಇವು ಮೂಲತಃ ಗಂಗಾ ಬಯಲಿನವು. ನಮ್ಮ ಕಡೆಯ ಕೆರೆ, ಅಣೆಕಟ್ಟುಗಳಿಗೆ ಮನುಷ್ಯರು ತಂದು ಬಿಟ್ಟವು. ಇವುಗಳದೊಂದು ಸೋಜಿಗವಿದೆ. ಕೆರೆಯಲ್ಲಿ ಚೆನ್ನಾಗಿ ಮೇದು ಬೆಳೆಯುತ್ತವೆ, ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮಿಗಿಲಾಗಿ ಮೊಟ್ಟೆ ಕಟ್ಟುತ್ತವೆ. ಆದರೆ ನಿಂತ ನೀರಿನಲ್ಲಿ ಅವನ್ನು ಇಡುವುದಿಲ್ಲ. ಕಾಲ ಮೀರಿದರೆ ಮೊಟ್ಟೆಗಳು ಒಳಗೇ ಕರಗಿಹೋಗುತ್ತವೆ.

ಆದ್ದರಿಂದ ಹಿಂದೆ ಮರಿಗಳನ್ನು ಹೊಳೆಯಲ್ಲೇ ಹಿಡಿದು ತರಬೇಕಾಗಿತ್ತು. ಎಳೆಯ ಮರಿಗಳಲ್ಲಿ ಜಾತಿ ಗುರುತಿಸುವುದು ಕಷ್ಟ. ಸಾಲ ಮಾಡಿ ಕೆರೆ ಗುತ್ತಿಗೆ ಹಿಡಿದವನು ತಂದ ಮರಿಗಳಲ್ಲಿ ನಾಲ್ಕು ಬಾಳೆ ಮೀನು ಸೇರಿದ್ದರೆ ಸಾಕು, ಉಳಿದವನ್ನು ತಿಂದು ಅವೇ ಕೊಬ್ಬುತ್ತಿದ್ದವು.

ಮೊಟ್ಟೆಯಿಡುವ ಅಪ್ಪಣೆ ಮೀನಿಗೆ ತಲೆಯಿಂದ ಬರಬೇಕು. ಹಗಲಿನ ಉದ್ದ, ನೀರಿನ ಬಿಸಿ, ಹೊಸ ನೀರಿನ ಸೆಳೆತ, ಇವನ್ನೆಲ್ಲ ಮೆದುಳು ಗ್ರಹಿಸುತ್ತದೆ. ಆಗ ಮೆದುಳಿನ ಬುಡದ ಹೈಪೋಥಲಮಸ್ ಎಂಬ ಭಾಗದ ನರಕೋಶಗಳು ಹತ್ತು ಅಮೈನೋ ಆಮ್ಲಗಳ ಒಂದು ಪುಟ್ಟ ಸರವನ್ನು ಸ್ರವಿಸುತ್ತವೆ. ಅದರ ಹೆಸರು ಜಿ.ಎನ್.ಆರ್.ಹೆಚ್. ನರಕೋಶಗಳಿಂದ ಹೊರಡುವ ಇಂಥ ಸರಗಳಿಗೆ ನ್ಯೂರೋಪೆಪ್ಟೈಡ್ ಎನ್ನುತ್ತಾರೆ. ಪಕ್ಕದಲ್ಲೇ ಇರುವ ಪಿಟ್ಯುಟರಿ ಗ್ರಂಥಿಯ ಕೋಶಗಳ ಮೇಲೆ ಈ ಸರಕ್ಕೆ ಮಾತ್ರ ಹೊಂದುವ ಗ್ರಾಹಕಗಳಿವೆ. ಸರವು ಕೀಲಿಕೈ, ಗ್ರಾಹಕವು ಬೀಗ. ಬೀಗ ತೆರೆದೊಡನೆ ಪಿಟ್ಯುಟರಿ ತನ್ನ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಅಂಡಾಶಯದಲ್ಲಿರುವ ಬೇರೆ ಗ್ರಾಹಕಗಳನ್ನು ಸೇರಿದಾಗ ಮೊಟ್ಟೆಗಳು ಪಕ್ವವಾಗಿ ಹೊರಬರುತ್ತವೆ. ಕೆರೆಯ ಗೆಂಡೆಯಲ್ಲಿ ಪಿಟ್ಯುಟರಿ ಈ ಹಾರ್ಮೋನನ್ನು ಸಾಕಷ್ಟು ಬಿಡುವುದೇ ಇಲ್ಲ.

ಹಾಗಾದರೆ ಆ ಹಾರ್ಮೋನನ್ನು ನಾವೇ ಕೊಟ್ಟರೆ? 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಬಲಿತ ಮೀನಿನ ಪಿಟ್ಯುಟರಿಯನ್ನು ಅರೆದು ತೆಗೆದ ರಸವನ್ನು ಗೆಂಡೆಗೆ ಚುಚ್ಚಿ ಮೊಟ್ಟೆಯಿಡಿಸಿದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಈ ವಿಧಾನದಲ್ಲಿ ಹೆಣ್ಣಿಗೆ ಸುಮಾರು ಆರು ಗಂಟೆಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಗಂಡಿಗೆ ಒಂದು. ಆದರೆ ಗ್ರಂಥಿ ಬೇಕೆಂದರೆ ಮೀನಿನ ತಲೆಗಳನ್ನು ಒಂದೊಂದಾಗಿ ಒಡೆಯಬೇಕು, ಮದ್ಯಸಾರದಲ್ಲಿ ಕಾಪಾಡಬೇಕು; ಒಂದರ ಬಲ ಇನ್ನೊಂದಕ್ಕಿಲ್ಲ.

ಜಿ.ಎನ್.ಆರ್.ಹೆಚ್.ನ ರಚನೆ 1971ರಲ್ಲಿ ತಿಳಿಯಿತು. ಹಂದಿ, ಕುರಿಗಳ ಮೆದುಳಿನಲ್ಲಿ ಇದನ್ನು ಹುಡುಕಿದ ಶ್ಯಾಲಿ ಮತ್ತು ಗೀಮೆ ಅವರಿಗೆ 1977ರಲ್ಲಿ ನೊಬೆಲ್ ಬಂತು. ಇನ್ನೇನು, ಕೃತಕವಾಗಿ ತಯಾರಿಸಿ ಚುಚ್ಚಿದರಾಯಿತು ಎಂದುಕೊಂಡರೆ ಗೆಂಡೆಗಳು ಸರಿಯಾಗಿ ಒಲಿಯಲಿಲ್ಲ. ಮೆದುಳು ಡೋಪಮೈನ್ ಎಂಬ ಇನ್ನೊಂದು ವಸ್ತುವಿನಿಂದ ಪಿಟ್ಯುಟರಿಯನ್ನು ತಡೆಹಿಡಿದಿರುತ್ತದೆ. ಗಾಡಿಯ ಬ್ರೇಕು ಬಿಡದೆ ಎತ್ತುಗಳನ್ನು ಹೊಡೆದಂತಾಯಿತು! ಕೆನಡಾದ ಪೀಟರ್ ಮತ್ತು ಚೀನದ ಲಿನ್ 1980ರ ದಶಕದಲ್ಲಿ ಇದಕ್ಕೆ ಪರಿಹಾರ ತೋರಿಸಿದರು. ಡೋಪಮೈನಿನ ಗ್ರಾಹಕವನ್ನು ಮುಚ್ಚುವ ಔಷಧವನ್ನೂ ಜೊತೆಗೆ ಕೊಟ್ಟರೆ ಬ್ರೇಕು ಸಡಿಲುತ್ತದೆ. ಆ ಔಷಧಗಳಲ್ಲಿ ಒಂದಾದ ಡಾಂಪೆರಿಡೋನ್ ನಿಮ್ಮ ಮನೆಗೂ ಬಂದಿರಬಹುದು. ವಾಂತಿ ನಿಲ್ಲಿಸಲು ವೈದ್ಯರು ಕೊಡುವ ಮಾತ್ರೆ ಅದೇ.

ಇಂದು ಎರಡನ್ನೂ ಬೆರೆಸಿದ ಓವಾಪ್ರಿಮ್‌ನಂಥ ಮದ್ದು ಸಿದ್ಧವಾಗಿಯೇ ಸಿಗುತ್ತದೆ. ಹೆಣ್ಣಿಗೆ ಕಿಲೋ ತೂಕಕ್ಕೆ ಸುಮಾರು ಅರ್ಧ ಮಿಲಿಲೀಟರು, ಒಂದೇ ಸಲ. ಸಂಜೆ ಚುಚ್ಚಿದರೆ ಬೆಳಗಾಗುವುದರೊಳಗೆ ಮೊಟ್ಟೆ. ಸುಮಾರು ಮರುರಾತ್ರಿಯ ಹೊತ್ತಿಗೆ ಕೂದಲೆಳೆಯಂಥ ಮರಿಗಳು.

ಕೆಲಸ ಇಷ್ಟು ಸುಲಭವಾದದ್ದರಿಂದ ಒಂದು ತೊಡಕೂ ಬಂದಿದೆ. ಹೊಳೆಯಲ್ಲಿ ಯಾವ ಮೀನು ಯಾವುದನ್ನು ಕೂಡಬೇಕೆಂಬುದಕ್ಕೆ ನೂರು ದಾರಿ. ಮರಿ ಮಾಡುವ ಕೆಲವು ಕಡೆ ಅದೇ ನಾಲ್ಕಾರು ತಾಯಿ ಮೀನುಗಳಿಗೆ, ಮುಂದೆ ಅವುಗಳ ಮಕ್ಕಳಿಗೇ, ವರ್ಷವರ್ಷವೂ ಮದ್ದು ಚುಚ್ಚುತ್ತಾರೆ. ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟಿದ ಮರಿಗಳು ಬೆಳೆಯುವುದು ನಿಧಾನ, ಸಾಯುವುದು ಹೆಚ್ಚು. ಕಾಟ್ಲಾ, ರೋಹುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಬೆರಕೆ ಮರಿಗಳೂ ಹುಟ್ಟುತ್ತವೆ. ಕೆರೆಗೆ ಮರಿ ತರುವ ತಂದೆಯವರು ಬೆಲೆ ಕೇಳುವ ಮುನ್ನ, ತಾಯಿ ಮೀನು ಎಲ್ಲಿಂದ ಬಂದದ್ದು, ಎಷ್ಟು ವರ್ಷಕ್ಕೊಮ್ಮೆ ಬದಲಿಸುತ್ತೀರಿ ಎಂದು ವಿಚಾರಿಸಬೇಕು.